ಮನೆ ಮಾರಿದ ಲಾಭಕ್ಕೆ ತೆರಿಗೆ: ಯಾವ ಪದ್ಧತಿ ನ್ಯಾಯ, ಮತದಾರರಿಗೆ ಹೇಳೋದು ಹೇಗೆ

ಡೊಂಬಿವಲಿ ಪೂರ್ವದ ಒಂದು ಸೊಸೈಟಿ. ಮೂರನೇ ಮಹಡಿಯಲ್ಲಿ ಎದುರುಬದುರು ಎರಡು ಒನ್ ಬಿಎಚ್‌ಕೆ ಮನೆ. ಒಂದನ್ನು ಕೊಂಡದ್ದು 2003ರ ಕೊನೆಗೆ, 6 ಲಕ್ಷಕ್ಕೆ. ಇನ್ನೊಂದನ್ನು 2013ರ ಕೊನೆಗೆ, 40 ಲಕ್ಷಕ್ಕೆ. 2024ರ ದೀಪಾವಳಿ ಹೊತ್ತಿಗೆ ಎರಡೂ 48 ಲಕ್ಷಕ್ಕೆ ಮಾರಾಟವಾದವು ಅಂತ ಇಟ್ಟುಕೊಳ್ಳಿ. ಲೆಕ್ಕ ಸುಲಭವಾಗಲಿ ಅಂತ ಅಂಕಿಗಳನ್ನು ದುಂಡಗೆ ಮಾಡಿದ್ದೇನೆ. ಆದರೆ ಮುಂಬಯಿ ಸುತ್ತಮುತ್ತ ಮನೆ ಕೊಂಡವರಿಗೆ ಈ ಕಥೆ ಹೊಸದೇನಲ್ಲ. ಮೊದಲ ಹತ್ತು ವರ್ಷ ಬೆಲೆ ಓಡಿತು, ಆಮೇಲೆ ಕುಂಟಿತು.

ಈ ಇಬ್ಬರಲ್ಲಿ ಯಾರು ಎಷ್ಟು ತೆರಿಗೆ ಕಟ್ಟಬೇಕು?

ನಮ್ಮ ಕನ್ನಡ ಬಳಗ ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಸೇರುತ್ತದೆ. ಅವಲಕ್ಕಿ, ಕಾಫಿ, ಒಂದೆರಡು ಹಾಡು. ಚುನಾವಣೆ ಹತ್ತಿರ ಬಂದರೆ ಹಾಡು ಕಡಿಮೆ, ವಾದ ಜಾಸ್ತಿ. ಒಂದು ಸಲ ವಾದ ಈ ತೆರಿಗೆಯ ಕಡೆ ಹೊರಳಿತು. ನಾನು ಸಿಎ ಅಲ್ಲ, ಆದರೆ ಸಿಎ ಆಫೀಸಿನಲ್ಲಿ ಇಪ್ಪತ್ತೆಂಟು ವರ್ಷ ಲೆಕ್ಕ ಬರೆದವನು. "ಯಾರು ಹೇಳೋದು ಸರಿ ಅಂತ ಒಂದು ಹಾಳೆಯಲ್ಲಿ ಬರೆದು ಕೊಡಿ ಮಾರಾಯ್ರೆ" ಅಂದರು. ಪಕ್ಷದ ವಿಷಯ ನನಗೆ ಬೇಡ, ಪದ್ಧತಿಗಳನ್ನು ಒಂದರ ಪಕ್ಕ ಒಂದು ಇಟ್ಟು ತೋರಿಸುತ್ತೇನೆ ಅಂದೆ. ಆ ಹಾಳೆ ಬೆಳೆದು ಇಷ್ಟಾಯಿತು.

ಮೊದಲೇ ಒಂದು ಮಾತು. ಇದು ದಿಲ್ಲಿಯ, ಅಂದರೆ ಕೇಂದ್ರ ಸರ್ಕಾರದ ತೆರಿಗೆ. ಮುನ್ಸಿಪಾಲಿಟಿ ಚುನಾವಣೆಗೆ ಮತ ಕೇಳಲು ಬಂದವರನ್ನು ಗೇಟಿನಲ್ಲಿ ಹಿಡಿದು ಇದನ್ನು ಕೇಳಬೇಡಿ. ನಮ್ಮಲ್ಲಿ ಕೇಳಿದವರಿದ್ದಾರೆ. ಆ ಮನುಷ್ಯ ಪಾಪ, ಗಟಾರದ ಮುಚ್ಚಳ ಹಾಕಿಸಿಕೊಡುತ್ತೇನೆ ಅಂದರು.

ನಾನು ಮಾಡಿದ ತಪ್ಪು

ಮೊದಲ ಸಲ ವಿವರಿಸುವಾಗ ನಾನು ಶೇಕಡಾದಿಂದ ಶುರು ಮಾಡಿದೆ. "ಹನ್ನೆರಡೂವರೆ ಪರ್ಸೆಂಟ್" ಅಂದದ್ದೇ ತಡ, ಹಿಂದೆ ಕೂತಿದ್ದ ಅಕ್ಕ ಒಬ್ಬರು ಮೊಬೈಲ್ ಒತ್ತಿ "ಅಯ್ಯೋ, 48 ಲಕ್ಷಕ್ಕೆ 6 ಲಕ್ಷ ಹೋಯ್ತಲ್ಲ!" ಅಂದರು. ಮಾರಿ ಬಂದ ಅಷ್ಟೂ ಹಣಕ್ಕೆ ತೆರಿಗೆ ಅಂತ ಅವರು ತಿಳಿದಿದ್ದರು. ಲಾಭಕ್ಕೆ ಮಾತ್ರ ಅಂತ ನಾನು ಬಿಡಿಸಿ ಹೇಳುವಷ್ಟರಲ್ಲಿ ಅರ್ಧ ಜನ ಕಾಫಿಗೆ ಎದ್ದಿದ್ದರು.

ಈಗ ಶೇಕಡಾ ಕೊನೆಗೆ ಹೇಳುತ್ತೇನೆ. ಮೊದಲು ಲಾಭ ಅಂದರೆ ಯಾವುದು ಅನ್ನೋದು ತೀರ್ಮಾನ ಆಗಬೇಕು. ಜಗಳ ಇರುವುದೇ ಅಲ್ಲಿ.

ನೇರ ಲೆಕ್ಕ, ಇಂಡೆಕ್ಸ್ ಲೆಕ್ಕ

ನೇರ ಲೆಕ್ಕದಲ್ಲಿ ಮಾರಿದ ಬೆಲೆಯಿಂದ ಕೊಂಡ ಬೆಲೆ ಕಳೆದರೆ ಆಯಿತು. ಮೊದಲ ಮನೆಗೆ ಲಾಭ 42 ಲಕ್ಷ, ಎರಡನೆಯದಕ್ಕೆ 8 ಲಕ್ಷ. ಈಗಿನ ದರ ಹನ್ನೆರಡೂವರೆ ಪರ್ಸೆಂಟ್ ಹಾಕಿದರೆ ಒಬ್ಬರಿಗೆ 5.25 ಲಕ್ಷ, ಇನ್ನೊಬ್ಬರಿಗೆ 1 ಲಕ್ಷ ತೆರಿಗೆ. ಸೆಸ್ ಬೇರೆ, ಅದನ್ನು ಇಲ್ಲಿ ಎಲ್ಲೂ ಹಿಡಿದಿಲ್ಲ.

ಇಂಡೆಕ್ಸೇಷನ್ ಅನ್ನುವುದು ಬೆಲೆಯೇರಿಕೆಯನ್ನು ಕಳೆಯುವ ಉಪಾಯ. 2003ರಲ್ಲಿ 6 ಲಕ್ಷಕ್ಕೆ ಬರುತ್ತಿದ್ದ ಸಾಮಾನು ಇವತ್ತು 6 ಲಕ್ಷಕ್ಕೆ ಬರುತ್ತದಾ? ಬರಲ್ಲ. ಅದಕ್ಕೇ ಸರ್ಕಾರ ವರ್ಷ ವರ್ಷ ಒಂದು ಸೂಚ್ಯಂಕ ಹೊರಡಿಸುತ್ತದೆ. 2001-02ಕ್ಕೆ 100 ಅಂತ ಹಿಡಿದರೆ 2003-04ಕ್ಕೆ 109, 2013-14ಕ್ಕೆ 220, 2024-25ಕ್ಕೆ 363. ಕೊಂಡ ಬೆಲೆಯನ್ನು ಈ ಲೆಕ್ಕದಲ್ಲಿ ಹಿಗ್ಗಿಸಬೇಕು. 6 ಲಕ್ಷ ಹಿಗ್ಗಿ ಹತ್ತಿರ ಹತ್ತಿರ 20 ಲಕ್ಷ ಆಗುತ್ತದೆ. ಲಾಭ 28 ಲಕ್ಷ, ಅದಕ್ಕೆ 20 ಪರ್ಸೆಂಟ್ ಅಂದರೆ 5.60 ಲಕ್ಷ. ಎರಡನೇ ಮನೆಯ 40 ಲಕ್ಷ ಹಿಗ್ಗಿ 66 ಲಕ್ಷ ಆಗುತ್ತದೆ. ಮಾರಿದ್ದು 48ಕ್ಕೆ. ಅಂದರೆ ಅವರಿಗೆ ಲಾಭವೇ ಆಗಿಲ್ಲ, 18 ಲಕ್ಷ ಕೈಬಿಟ್ಟಿದೆ. ತೆರಿಗೆ ಸೊನ್ನೆ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಬೆಲೆ ಎಂಟು ಪಟ್ಟಾದವರಿಗೆ ನೇರ ಲೆಕ್ಕವೇ 35 ಸಾವಿರ ಅಗ್ಗ. ನಷ್ಟ ಮಾಡಿಕೊಂಡವರಿಗೆ ಅದೇ ಲೆಕ್ಕ 1 ಲಕ್ಷ ದುಬಾರಿ. ನೇರ ಲೆಕ್ಕದ ಸ್ವಭಾವವೇ ಅದು. ಓಡಿದ ಕುದುರೆಗೆ ಹುಲ್ಲು, ಕುಂಟಿದ ಕುದುರೆಗೆ ಚಾಟಿ.

ಇಂಡೆಕ್ಸ್ ಬಂದದ್ದು 1992ರಲ್ಲಿ, ರಾಜಾ ಚೆಲ್ಲಯ್ಯ ಸಮಿತಿಯ ತೆರಿಗೆ ಸುಧಾರಣೆಯ ಕಾಲದಲ್ಲಿ. 2024ರ ಜುಲೈ 23ರ ಬಜೆಟ್ ಅದನ್ನು ತೆಗೆದು, ದರವನ್ನು 20ರಿಂದ 12.5ಕ್ಕೆ ಇಳಿಸಿತು. ದರ ಇಳಿದಿದೆ, ಬಹಳ ಜನಕ್ಕೆ ಒಳ್ಳೇದೇ ಅಂತ ಸರ್ಕಾರ ಹೇಳಿತು. ಬೆಲೆ ಓಡಿದ ಮನೆಗಳ ಮಟ್ಟಿಗೆ ಅದು ಸುಳ್ಳಲ್ಲ. ಆದರೆ ಜನ ಕೂತು ತಮ್ಮ ತಮ್ಮ ಲೆಕ್ಕ ಹಾಕಿದರು. ಗದ್ದಲ ಎದ್ದು ಆಗಸ್ಟ್‌ನಲ್ಲಿ ತಿದ್ದುಪಡಿ ಬಂತು. 2024ರ ಜುಲೈ 23ಕ್ಕಿಂತ ಮೊದಲು ಕೊಂಡ ಜಾಗ, ಮನೆಗಳಿಗೆ ಎರಡು ಲೆಕ್ಕದಲ್ಲಿ ಯಾವುದು ಕಡಿಮೆಯೋ ಅದನ್ನು ಕಟ್ಟಿದರೆ ಸಾಕು. ಇಲ್ಲಿ ವಾಸವಿರುವ ವ್ಯಕ್ತಿಗಳಿಗೆ ಮತ್ತು ಅವಿಭಕ್ತ ಕುಟುಂಬಗಳಿಗೆ ಮಾತ್ರ ಈ ಆಯ್ಕೆ. ದುಬೈಯಲ್ಲಿರುವ ಮಗನ ಹೆಸರಲ್ಲಿ ಮನೆ ಇದ್ದರೆ ಸಿಗಲ್ಲ.

ಜನ ಮರೆಯುವುದು ಒಂದಿದೆ. ಆ ದಿನದ ಮೇಲೆ ಕೊಂಡವರಿಗೂ ಆಯ್ಕೆ ಇಲ್ಲ. ಇವತ್ತು ಸಾಲ ಮಾಡಿ ಬದಲಾಪುರದಲ್ಲೋ ಪುಣೆಯ ವಾಕಡ್‌ನಲ್ಲೋ ಮನೆ ಕೊಳ್ಳುವ ಹುಡುಗ ಹದಿನೈದು ವರ್ಷ ಬಿಟ್ಟು ಮಾರುವಾಗ, ಬೆಲೆ ಕುಂಟಿದ್ದರೂ ನೇರ ಲೆಕ್ಕವೇ. ಮತ ಕೇಳಲು ಬಂದವರಿಗೆ ಕೇಳಬೇಕಾದ ಪ್ರಶ್ನೆ ಇದು.

ಸಂಬಳದ ಹಾಗೇ ಸ್ಲ್ಯಾಬ್‌ಗೆ ಸೇರಿಸಿದರೆ?

"ನನ್ನ ಸಂಬಳದ ಕೊನೆಯ ರೂಪಾಯಿಗೆ 30 ಪೈಸೆ ಕಿತ್ತುಕೊಳ್ತಾರೆ. ಕೂತಲ್ಲೇ ಷೇರಲ್ಲಿ ಬಂದ ರೂಪಾಯಿಗೆ 12.5 ಪೈಸೆ ಮಾತ್ರ. ಇದ್ಯಾವ ನ್ಯಾಯ?" ಅಂತ ನಮ್ಮ ಬಳಗದ ಹುಡುಗಿ ಒಬ್ಬಳು ಕೇಳಿದಳು. ಐಟಿ ಕೆಲಸ, ರಾತ್ರಿ ಹನ್ನೊಂದಕ್ಕೆ ಮನೆ ಸೇರುವವಳು. ಅವಳ ಸಿಟ್ಟಿನಲ್ಲಿ ಅರ್ಥ ಇದೆ. ಷೇರಿನ ಕಂಪನಿ ತನ್ನ ಲಾಭಕ್ಕೆ ಮೊದಲೇ ತೆರಿಗೆ ಕಟ್ಟಿರುತ್ತದೆ, ಅದಕ್ಕೇ ಕಡಿಮೆ ದರ ಅಂತ ಉತ್ತರ ಕೊಡುತ್ತಾರೆ. ಒಪ್ಪೋಣ. ಆದರೆ ಆ ಮಾತು ಮನೆಗೆ, ಸೈಟಿಗೆ ಒಗ್ಗುವುದಿಲ್ಲ.

ಹಾಗಂತ ಲಾಭ ಪೂರ್ತಿ ಸ್ಲ್ಯಾಬ್‌ಗೆ, ಅಂದರೆ ಆದಾಯ ಏರಿದ ಹಾಗೆ ದರವೂ ಏರುವ ಮೆಟ್ಟಿಲುಗಳಿಗೆ, ಸೇರಿಸಿದರೆ ಬೇರೆ ತೊಂದರೆ. ಮೊದಲ ಮನೆಯವರು ನಿವೃತ್ತರು, ಬೇರೆ ಆದಾಯ ಇಲ್ಲ ಅಂತಿಟ್ಟುಕೊಳ್ಳಿ. 42 ಲಕ್ಷವನ್ನು 2025-26ರ ಹೊಸ ಸ್ಲ್ಯಾಬ್‌ಗೆ ಹಾಕಿದರೆ 8.40 ಲಕ್ಷ ತೆರಿಗೆ. ಇಪ್ಪತ್ತು ವರ್ಷದಲ್ಲಿ ನಿಧಾನಕ್ಕೆ ಬೆಳೆದ ಲಾಭ ಒಂದೇ ವರ್ಷದಲ್ಲಿ ಕೈಗೆ ಬಂತು, ಆ ಒಂದು ವರ್ಷಕ್ಕೆ ಅವರು ಸಾಹುಕಾರರಾಗಿಬಿಟ್ಟರು. ಮುಂದಿನ ವರ್ಷ ಮತ್ತೆ ಅದೇ ರೇಷನ್ ಕ್ಯೂ.

ಕೆಲವು ದೇಶಗಳು ಇದಕ್ಕೆ ಒಂದು ಒರಟು ಮದ್ದು ಕಂಡುಕೊಂಡಿವೆ. ಲಾಭದ ಅರ್ಧ ಮಾತ್ರ ಆದಾಯಕ್ಕೆ ಸೇರಿಸು. ಕೆನಡಾದಲ್ಲಿ ಹೀಗಿದೆ. ಆಸ್ಟ್ರೇಲಿಯಾ 1999ರಲ್ಲಿ ಇಂಡೆಕ್ಸ್ ಬಿಟ್ಟು, ವರ್ಷಕ್ಕಿಂತ ಜಾಸ್ತಿ ಇಟ್ಟುಕೊಂಡ ಆಸ್ತಿಯ ಲಾಭಕ್ಕೆ ಇದೇ ಅರ್ಧದ ದಾರಿ ಹಿಡಿಯಿತು. ನಮ್ಮ ಮೊದಲ ಮನೆಗೆ ಹಾಕಿ ನೋಡಿದೆ. 21 ಲಕ್ಷ ಸೇರುತ್ತದೆ, ತೆರಿಗೆ 2.25 ಲಕ್ಷ. ಅದೇ ಮನೆ 30 ಲಕ್ಷ ಸಂಬಳದವರದಾದರೆ 6.30 ಲಕ್ಷ. ಎರಡನೇ ಮನೆಗೆ 4 ಲಕ್ಷ ಸೇರುತ್ತದೆ. ನಿವೃತ್ತರಿಗೆ ಸೊನ್ನೆ, ದೊಡ್ಡ ಸಂಬಳದವರಿಗೆ 1.20 ಲಕ್ಷ. ನಷ್ಟಕ್ಕೆ ತೆರಿಗೆ ಬಿದ್ದದ್ದು ತಪ್ಪೇ, ಆದರೆ ಬಿದ್ದದ್ದು ಹೊರಬಲ್ಲವರ ಮೇಲೆ. ಈ ಲೆಕ್ಕ ಹಾಕುವವರೆಗೆ ನನಗೆ ಅರ್ಧದ ಪದ್ಧತಿ ಅಂದರೆ ತಾತ್ಸಾರ ಇತ್ತು. ಈಗ ಇಲ್ಲ.

ವಿವರಿಸುವವರಿಗೆ ಕೆನಡಾದಿಂದ ಇನ್ನೊಂದು ಪಾಠ ಇದೆ. 2024ರಲ್ಲಿ ಅಲ್ಲಿನ ಸರ್ಕಾರ, ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್ ದಾಟಿದ ಲಾಭಕ್ಕೆ ಅರ್ಧದ ಬದಲು ಮೂರರಲ್ಲಿ ಎರಡು ಪಾಲು ಸೇರಿಸೋಣ ಅಂತು. ಇದು ನೂರಕ್ಕೆ 0.13 ಜನರಿಗೆ ಮಾತ್ರ ತಾಗುತ್ತದೆ ಅಂತಲೂ ಹೇಳಿತು. ಯಾರಿಗೂ ಸಮಾಧಾನ ಆಗಲಿಲ್ಲ. ವೈದ್ಯರು ತಿರುಗಿಬಿದ್ದರು, ಕೆರೆ ದಂಡೆಯಲ್ಲಿ ಅಪ್ಪನ ಕಾಲದ ಸಣ್ಣ ಮನೆ ಇದ್ದವರೂ ಗಾಬರಿಯಾದರು. 2025ರ ಮಾರ್ಚ್‌ನಲ್ಲಿ ಹೊಸ ಪ್ರಧಾನಿ ಮಾರ್ಕ್ ಕಾರ್ನಿ ಆ ಪ್ರಸ್ತಾಪ ಕೈಬಿಟ್ಟರು. ನನಗೆ ಅನ್ನಿಸುವುದು ಇಷ್ಟು. ಯಾವುದೇ ಒಂದು ವರ್ಷ ನೋಡಿದರೆ ತಾಗುವವರು ಕಡಿಮೆಯೇ. ಆದರೆ ಜೀವಮಾನದಲ್ಲಿ ಒಮ್ಮೆ ಮನೆ ಮಾರುವವರು ಎಷ್ಟು ಜನ! ಅವರಿಗೆಲ್ಲ "ನನ್ನ ಸರದಿ ಬಂದ ವರ್ಷ ನಾನೂ ಅದರಲ್ಲಿ ಸೇರುತ್ತೇನೆ" ಅಂತ ಗೊತ್ತು. ಹಾಗಾಗಿ "ನಿಮಗೇನೂ ಆಗಲ್ಲ ಬಿಡಿ" ಅಂತ ಯಾರಾದರೂ ಭಾಷಣ ಮಾಡಿದರೆ, ನಾನು ಮಾರುವ ವರ್ಷ ಏನಾಗುತ್ತದೆ ಅಂತ ಕೇಳಿ.

ದಲಾಲ್ ಸ್ಟ್ರೀಟಿನ ದಾರಿ, ನಾರ್ವೆಯ ದಾರಿ

2004ರಿಂದ 2018ರವರೆಗೆ ಷೇರಿನ ದೀರ್ಘಾವಧಿ ಲಾಭಕ್ಕೆ ನಮ್ಮಲ್ಲಿ ತೆರಿಗೆಯೇ ಇರಲಿಲ್ಲ. ಬದಲಿಗೆ ಪ್ರತಿ ಕೊಳ್ಳುವಿಕೆ, ಮಾರಾಟದ ಮೇಲೆ ಚೂರು ಚೂರು ಎಸ್‌ಟಿಟಿ, ಅಂದರೆ ಷೇರು ವಹಿವಾಟಿನ ತೆರಿಗೆ. ವಸೂಲಿ ಸುಲಭ, ಕದಿಯೋಕೆ ಆಗಲ್ಲ. ಆದರೆ ಎಸ್‌ಟಿಟಿ ನಷ್ಟವಾದವರನ್ನೂ ಬಿಡುವುದಿಲ್ಲ, ಕೋಟಿ ಗಳಿಸಿದವರನ್ನು ಸುಮ್ನೆ ಸವರಿ ಬಿಡುತ್ತದೆ. 2018ರಲ್ಲಿ ಲಾಭದ ತೆರಿಗೆ 10 ಪರ್ಸೆಂಟ್ ದರದಲ್ಲಿ ವಾಪಸ್ ಬಂತು, ಎಸ್‌ಟಿಟಿ ಹೋಗಲಿಲ್ಲ. ಈಗ ವರ್ಷಕ್ಕೆ 1.25 ಲಕ್ಷದವರೆಗೆ ಮಾಫಿ, ಮೇಲಿನದಕ್ಕೆ 12.5. ವರ್ಷದೊಳಗೆ ಮಾರಿದರೆ 20. ಆ ವಾಪಸಾತಿಯಲ್ಲಿ ಒಂದು ಒಳ್ಳೇ ಕೆಲಸ ಮಾಡಿದ್ದರು. 2018ರ ಜನವರಿ 31ರ ತನಕ ಆದ ಲಾಭವನ್ನು ಬಿಟ್ಟುಕೊಟ್ಟರು. ಆಟದ ನಡುವೆ ನಿಯಮ ಬದಲಿಸುವಾಗ ಇಷ್ಟಾದರೂ ಮರ್ಯಾದೆ ಬೇಕು.

ನಾರ್ವೆಯಲ್ಲಿ 2006ರಿಂದ ಬೇರೆ ಪದ್ಧತಿ. ಷೇರಿಗೆ ಹಾಕಿದ ದುಡ್ಡನ್ನು ಸುರಕ್ಷಿತವಾಗಿ ಇಟ್ಟಿದ್ದರೆ ಎಷ್ಟು ಬರುತ್ತಿತ್ತೋ ಅಷ್ಟನ್ನು ಬಿಟ್ಟು, ಮೇಲಿನದಕ್ಕೆ ಮಾತ್ರ ತೆರಿಗೆ. ದರ ಮಾತ್ರ ಜೋರು, ಸುಮಾರು 38 ಪರ್ಸೆಂಟ್. ಕಾಗದದ ಮೇಲೆ ಇದೇ ಎಲ್ಲಕ್ಕಿಂತ ಚೆಂದ. ನಮ್ಮ ಬಳಗದಲ್ಲಿ ವಿವರಿಸಲು ಹೋದೆ, ಎರಡನೇ ವಾಕ್ಯಕ್ಕೇ ಸೋತೆ. ಇನ್ನು ಮಾರದೆಯೂ ವರ್ಷ ವರ್ಷ ಬೆಲೆ ಏರಿದ್ದಕ್ಕೆ ತೆರಿಗೆ ಹಾಕಬೇಕು ಅನ್ನುವವರೂ ಇದ್ದಾರೆ. ಕೈಯಲ್ಲಿ ಕಾಸಿಲ್ಲದೆ ಗೋಡೆ ಕೆತ್ತಿ ಕೊಡೋದಾ? ಮುಂದೆ ಹೋಗೋಣ.

ಕಟ್ಟದೇ ಇರುವವರು ಯಾರು?

ದರದ ಜಗಳದಲ್ಲಿ ಎಲ್ಲರೂ ಮರೆಯುವ ಪ್ರಶ್ನೆ ಇದು. ನನಗೆ ಇದೇ ಮುಖ್ಯ.

ಹಳೆ ಕಾಯ್ದೆಯಲ್ಲಿ ಸಿಎಗಳು "ಸೆಕ್ಷನ್ 54" ಅನ್ನುತ್ತಿದ್ದ ವಿನಾಯಿತಿ ಇದೆ. ಮನೆ ಮಾರಿದ ಲಾಭವನ್ನು ಇನ್ನೊಂದು ಮನೆಗೆ ಹಾಕಿದರೆ ತೆರಿಗೆ ಇಲ್ಲ. ಮಾರುವ ಒಂದು ವರ್ಷ ಮೊದಲು ಅಥವಾ ಎರಡು ವರ್ಷದೊಳಗೆ ಕೊಳ್ಳಬೇಕು, ಕಟ್ಟಿಸುವುದಾದರೆ ಮೂರು ವರ್ಷ. 2023ರಿಂದ ಇದಕ್ಕೆ 10 ಕೋಟಿ ಮಿತಿ. ಹತ್ತು ಕೋಟಿ, ಗಮನಿಸಿ! ಅಷ್ಟು ಲಾಭವನ್ನು ಹಾಗೇ ಇನ್ನೊಂದು ಮನೆಗೆ ಸಾಗಿಸಿದವರು ಆ ವರ್ಷ ಒಂದು ರೂಪಾಯಿ ಕಟ್ಟಬೇಕಿಲ್ಲ.

ಮನೆ ಬೇಡವಾದರೆ 50 ಲಕ್ಷದವರೆಗೆ ಆರ್‌ಇಸಿ, ಪಿಎಫ್‌ಸಿ ಥರದ ಸರ್ಕಾರಿ ಕಂಪನಿಗಳ ಬಾಂಡ್‌ಗೆ ಆರು ತಿಂಗಳೊಳಗೆ ಹಾಕಬಹುದು. ಐದು ವರ್ಷ ತೆಗೆಯುವ ಹಾಗಿಲ್ಲ.

ನಮ್ಮವರ ಲೆಕ್ಕಕ್ಕೆ ಬನ್ನಿ. ಒನ್ ಬಿಎಚ್‌ಕೆ ಮಾರಿ ಟೂ ಬಿಎಚ್‌ಕೆಗೆ ಹೋಗುವವರು ತೆರಿಗೆ ಕಟ್ಟುವುದಿಲ್ಲ. ನಿವೃತ್ತಿಯಾಗಿ ಕುಂದಾಪುರದಲ್ಲೋ ಕಾರ್ಕಳದಲ್ಲೋ ಮನೆ ಕಟ್ಟಿಸುವವರು ಅದಕ್ಕೆ ಹಾಕಿದಷ್ಟು ಲಾಭಕ್ಕೆ ಕಟ್ಟುವುದಿಲ್ಲ. ಹಾಗಾದರೆ ಕಟ್ಟುವವರು ಯಾರು? ಆಸ್ಪತ್ರೆ ಖರ್ಚಿಗೆ ಮಾರಿದವರು. ಹೋಟೆಲ್ ಮುಚ್ಚಿ ಸಾಲ ತೀರಿಸಲು ಮಾರಿದವರು. ದುಡ್ಡನ್ನು ಐದು ವರ್ಷ ಕಟ್ಟಿಡಲು ಆಗದವರು. ಬಾಗಿಲು ಎಲ್ಲರಿಗೂ ತೆರೆದಿದೆ, ಆದರೆ ಅದು ಕಾಸು ಇದ್ದವರ ಎತ್ತರಕ್ಕೆ ಮಾಡಿದ ಬಾಗಿಲು.

ದರ 12.5 ಇರಲಿ 20 ಇರಲಿ, ಈ ಅನ್ಯಾಯ ಹಾಗೇ ಉಳಿಯುತ್ತದೆ. 10 ಕೋಟಿಯ ಮಿತಿ ಇಳಿಸಿ, ಅದರಿಂದ ಉಳಿದದ್ದರಲ್ಲಿ ಪ್ರತಿಯೊಬ್ಬರಿಗೂ ಜೀವಮಾನದಲ್ಲಿ ಒಂದು ವಾಸದ ಮನೆಗೆ ಇಂತಿಷ್ಟು ಲಕ್ಷ ಲಾಭ ಮಾಫಿ ಅಂತ ಕೊಟ್ಟರೆ ಹೇಗೆ? ಮನೆ ಕೊಳ್ಳಲಿ, ಆಸ್ಪತ್ರೆಗೆ ಕಟ್ಟಲಿ, ಅದು ಅವರ ಇಷ್ಟ. ಮತ ಕೇಳಲು ಬಂದವರು ಇದನ್ನು ಹೇಳಿದರೆ ನಾನಂತೂ ಕೂರಿಸಿ ಕಾಫಿ ಕೊಡುತ್ತೇನೆ.

ಕ್ಯಾಶ್ ಎಷ್ಟು, ಚೆಕ್ ಎಷ್ಟು

ಕಡಿಮೆ ದರಕ್ಕೆ ಒಂದು ಪ್ರಾಮಾಣಿಕ ಸಮರ್ಥನೆ ಇದೆ, ಅದನ್ನು ಮುಚ್ಚಿಡಬಾರದು. ತೆರಿಗೆ ಜಾಸ್ತಿಯಾದಷ್ಟೂ "ಸ್ವಲ್ಪ ಕ್ಯಾಶ್‌ನಲ್ಲಿ ಮಾಡೋಣ ಅಲ್ವಾ" ಅನ್ನುವ ಮಾತು ಶುರುವಾಗುತ್ತದೆ. ಮಹಾರಾಷ್ಟ್ರದಲ್ಲಿ ರೆಡಿ ರೆಕನರ್ ದರ ಅಂತ ಇದೆ, ಜಾಗ, ಮನೆಗೆ ಸರ್ಕಾರವೇ ಗೊತ್ತು ಮಾಡಿದ ಬೆಲೆ. ಕಾಗದದಲ್ಲಿ ಅದಕ್ಕಿಂತ ಹತ್ತು ಪರ್ಸೆಂಟ್‌ಗೂ ಮಿಕ್ಕಿ ವ್ಯತ್ಯಾಸ ಬರುವ ಹಾಗೆ ಕಡಿಮೆ ತೋರಿಸಿದರೆ ರೆಕನರ್ ಬೆಲೆಗೇ ತೆರಿಗೆ. ಹೀಗಾಗಿ ಆಟ ನಡೆಯುವುದು ರೆಕನರ್ ಬೆಲೆ ಮತ್ತು ನಿಜ ಬೆಲೆಯ ನಡುವಿನ ಸಂದಿಯಲ್ಲಿ. ದರ ಇಳಿದರೆ ಆ ಸಂದಿಗೆ ಇಳಿಯುವ ಆಸೆ ಕಡಿಮೆಯಾಗುತ್ತದೆ. ಇನ್ನೊಂದೂ ಇದೆ. ನೇರ ಲೆಕ್ಕದಲ್ಲಿ ಬೇಕಾದದ್ದು ಎರಡೇ ಅಂಕಿ. ಸಿಎ ಇಲ್ಲದೆ ಮನೆಯಲ್ಲೇ ಲೆಕ್ಕ ಹಾಕಬಹುದು.

ಅಪ್ಪನ ಮನೆ ಮಾರಿದರೆ?

ನಮ್ಮಲ್ಲಿ ಆಸ್ತಿ ಬಂದದ್ದಕ್ಕೆ ತೆರಿಗೆ ಇಲ್ಲ. ಸಾವಿನ ನಂತರದ ಎಸ್ಟೇಟ್ ಡ್ಯೂಟಿ 1953ರಲ್ಲಿ ಬಂದು 1985ರಲ್ಲಿ ಹೋಯಿತು. ಆದರೆ ಮಕ್ಕಳು ಮಾರುವಾಗ ಅಪ್ಪ ಕೊಂಡ ಬೆಲೆಯೇ ಲೆಕ್ಕ. 2001ರ ಏಪ್ರಿಲ್‌ಗಿಂತ ಮೊದಲು ಕೊಂಡದ್ದಾದರೆ ಆ ಏಪ್ರಿಲ್ 1ರ ಬೆಲೆಯನ್ನು ಹಿಡಿಯಬಹುದು. ಇಂಡೆಕ್ಸನ್ನು ಅಪ್ಪ ಕೊಂಡ ವರ್ಷದಿಂದ ಹಿಡಿಯಬೇಕೋ ಮಗನಿಗೆ ಬಂದ ವರ್ಷದಿಂದಲೋ ಅನ್ನುವ ತಕರಾರನ್ನು 2011ರಲ್ಲಿ ಬಾಂಬೆ ಹೈಕೋರ್ಟ್ ಅಪ್ಪನ ವರ್ಷದ ಪರವಾಗಿ ತೀರ್ಮಾನಿಸಿತು. ಅಮೆರಿಕದಲ್ಲಿ ಉಲ್ಟಾ. ಸತ್ತ ದಿನದ ಬೆಲೆಯೇ ಮಕ್ಕಳ ಕೊಂಡ ಬೆಲೆ, ಅಪ್ಪನ ಕಾಲದ ಲಾಭಕ್ಕೆ ಆದಾಯ ತೆರಿಗೆ ಯಾವತ್ತೂ ಇಲ್ಲ. ಈ ಒಂದು ವಿಷಯದಲ್ಲಿ ನಮ್ಮದೇ ವಾಸಿ.

ನನ್ನ ಆಯ್ಕೆ, ಮತ್ತು ಹಾಳೆ

ನಿಮಗೆ ಸರಳತೆ ಮುಖ್ಯವಾದರೆ ನೇರ ಲೆಕ್ಕ, ಕಡಿಮೆ ದರ. ತಡವಾಗಿ ಕೊಂಡು ಕೈ ಸುಟ್ಟುಕೊಂಡವರ ಚಿಂತೆಯಾದರೆ ಇಂಡೆಕ್ಸ್. ಸಂಬಳದವರಿಗೂ ಷೇರಿನವರಿಗೂ ಇರುವ ಅಂತರ ಕಣ್ಣಿಗೆ ಚುಚ್ಚುತ್ತಿದ್ದರೆ ಅರ್ಧ ಸ್ಲ್ಯಾಬ್. ನಾನಾದರೆ ವಾಸದ ಮನೆಗೆ ಎರಡು ಲೆಕ್ಕದ ಆಯ್ಕೆಯನ್ನು 2024ರ ನಂತರ ಕೊಂಡವರಿಗೂ ಕೊಡುತ್ತೇನೆ. ಷೇರಿಗೆ ಅರ್ಧ ಸ್ಲ್ಯಾಬ್ ಹಾಕುತ್ತೇನೆ. 30ರ ಸ್ಲ್ಯಾಬ್‌ನವರಿಗೆ ಅದು ರೂಪಾಯಿಗೆ 15 ಪೈಸೆ ಆಗುತ್ತದೆ, 5ರ ಸ್ಲ್ಯಾಬ್‌ನವರಿಗೆ ಎರಡೂವರೆ. ಈಗ ತೆರಿಗೆ ಶುರುವಾಗುವ ಮೂಲ ಮಿತಿ ದಾಟಿದ ಮೇಲೆ ಇಬ್ಬರಿಗೂ ಹನ್ನೆರಡೂವರೆಯೇ. ಸಂಬಳ ಮಾತ್ರ ಇದ್ದರೆ 12 ಲಕ್ಷದವರೆಗೆ ತೆರಿಗೆ ಇಲ್ಲ ಅನ್ನುವ ಹೊಸ ರಿಯಾಯಿತಿ ಕೂಡ ಈ ಲಾಭಕ್ಕೆ ಅನ್ವಯಿಸಲ್ಲ, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ.

ಹಾಳೆಯಲ್ಲಿ ಶೇಕಡಾ ಚಿಹ್ನೆಯೇ ಹಾಕಲಿಲ್ಲ. ನಿವೃತ್ತರು, ಬೇರೆ ಆದಾಯ ಇಲ್ಲ ಅಂತ ಹಿಡಿದು ರೂಪಾಯಿಯಲ್ಲೇ ಬರೆದೆ (ಮೊದಲ ಎರಡು ಸಾಲಿನಲ್ಲಿ ಮೂಲ ಮಿತಿಯನ್ನು ಕಳೆದಿಲ್ಲ, ಕಳೆದರೆ ತೆರಿಗೆ ಇನ್ನೂ ಸ್ವಲ್ಪ ಇಳಿಯುತ್ತದೆ):

ನೇರ ಲೆಕ್ಕ: 2003ರ ಮನೆಗೆ 5.25 ಲಕ್ಷ, 2013ರ ಮನೆಗೆ 1 ಲಕ್ಷ.
ಇಂಡೆಕ್ಸ್: 5.60 ಲಕ್ಷ, ಸೊನ್ನೆ.
ಪೂರ್ತಿ ಸ್ಲ್ಯಾಬ್: 8.40 ಲಕ್ಷ, ಸೊನ್ನೆ (ಸಂಬಳದ ಹಾಗೇ ಎಣಿಸಿದರೆ 12 ಲಕ್ಷದ ರಿಯಾಯಿತಿ ಇದಕ್ಕೂ ಸಿಗುತ್ತದೆ ಅಂತ ಹಿಡಿದಿದ್ದೇನೆ).
ಅರ್ಧ ಸ್ಲ್ಯಾಬ್: 2.25 ಲಕ್ಷ, ಸೊನ್ನೆ.

ಮುಂದಿನ ಸಭೆಯಲ್ಲಿ ಹಂಚಿದೆ. ಈ ಸಲ ಯಾರೂ ಕಾಫಿಗೆ ಏಳಲಿಲ್ಲ. "ಇಂಡೆಕ್ಸೇ ಸರಿ, ಬೆಲೆಯೇರಿಕೆಗೆ ತೆರಿಗೆ ಹಾಕೋದು ತಪ್ಪು" ಅಂತ ಮುಕ್ಕಾಲು ಪಾಲು ಜನ ಹೇಳಿದರು. ಆಗ ಕಿಟಕಿ ಹತ್ತಿರ ಕೂತಿದ್ದ ಭಟ್ರು ಕನ್ನಡಕ ತೆಗೆದರು. ಬಾಡಿಗೆ ಮನೆಯಲ್ಲೇ ಜೀವನ ಕಳೆದವರು, ಇರುವುದೆಲ್ಲ ಬ್ಯಾಂಕಿನಲ್ಲಿ. "ನನ್ನ ಎಫ್‌ಡಿ ಸಾಲು ಎಲ್ಲಿ ಮಾರಾಯ್ರೆ? ಅದಕ್ಕೆ ಬೆಲೆಯೇರಿಕೆ ಇಲ್ವಾ?" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಅಲ್ಲೇ ಪೆನ್ನು ತೆಗೆದು ಹಾಳೆಯ ಕೆಳಗೆ ಬರೆದೆ. 10 ಲಕ್ಷದ ಎಫ್‌ಡಿ, ಬಡ್ಡಿ 7 ಅಂದರೆ ವರ್ಷಕ್ಕೆ 70 ಸಾವಿರ. ಬೆಲೆಯೇರಿಕೆ 5 ಅಂತ ಹಿಡಿದರೆ 50 ಸಾವಿರ ಅದಕ್ಕೇ ಹೋಯಿತು. ನಿಜವಾಗಿ ಉಳಿದದ್ದು 20 ಸಾವಿರ. 20ರ ಸ್ಲ್ಯಾಬ್‌ನಲ್ಲಿದ್ದರೆ ತೆರಿಗೆ 14 ಸಾವಿರ. ಇಂಡೆಕ್ಸ್ ಇಲ್ಲ, 54 ಇಲ್ಲ, ಬಾಂಡ್ ಇಲ್ಲ.

ಭಟ್ರು ಹಾಳೆಯನ್ನು ಕೈಯಲ್ಲಿ ಹಿಡಿದು ಎರಡು ಸಲ ಓದಿದರು. "ಮುಂದಿನ ಸಲ ಇದನ್ನು ಮೊದಲ ಸಾಲಿಗೆ ಹಾಕಿ" ಅಂದರು.